ಜ್ಯೂನಿಯರ್ ವಕೀಲರಿಗೆ ಎಲೆಕ್ಟ್ರಾನಿಕ್ ದಾಖಲೆಯ ತರಬೇತಿ: ಎರಡು ದಿನದಲ್ಲಿ ಏನು ಕಲಿಸಬೇಕು, ಏನು ಬಿಡಬೇಕು?

ಕಡತ_ಕಪಾಟು
ಕಮರ್ಷಿಯಲ್ ದಾವೆ ನೋಡಿಕೊಳ್ಳುವ ಜ್ಯೂನಿಯರ್‌ಗಳಿಗೆ ಎರಡು ದಿನದ ತರಬೇತಿಯ ಕರಡು ಇದು. 20 ಜನ, ದಿನಕ್ಕೆ ಆರು ಗಂಟೆ, ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇರುತ್ತೆ. ಮೊದಲ ದಿನ ಪೂರ್ತಿ ಕಾನೂನು: ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಸರ್ಟಿಫಿಕೇಟ್ ಬೇಕೇಬೇಕು ಅಂದ ಅನ್ವರ್ ತೀರ್ಪು (2014), ಅರ್ಜುನ್ ಪಂಡಿತ್‌ರಾವ್ ತೀರ್ಪು (2020), ಆ ಸರ್ಟಿಫಿಕೇಟ್ ಕೇಳುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63, ದಾಖಲೆಗಳನ್ನು ಬಹಿರಂಗಪಡಿಸುವ ಬಗೆಗಿನ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 11. ಎರಡನೇ ದಿನ ಬೆಳಿಗ್ಗೆ ಸರ್ಟಿಫಿಕೇಟ್ ಬರೆಯುವ ಅಭ್ಯಾಸ, ಮಧ್ಯಾಹ್ನ ಇಮೇಲ್ ಹುಡುಕಾಟ ಮತ್ತು ಪ್ರಿವಿಲೇಜ್ (ವಕೀಲ–ಕಕ್ಷಿದಾರ ಗೋಪ್ಯತೆ). ಎಲ್ಲಿ ಕೊರತೆ ಇದೆ, ತಿಳಿದವರು ಹೇಳಿ.

ಹ್ಯಾಶ್‌ಮಾಸ್ತರ
ಕೊರತೆಗಿಂತ ಕ್ರಮವೇ ತಲೆಕೆಳಗಾಗಿದೆ. ಸರ್ಟಿಫಿಕೇಟ್ ಬರೆಯುವ ಹೊತ್ತಿಗೆ ಆಗಬೇಕಾದ ಹಾಳು ಆಗಿಹೋಗಿರುತ್ತೆ. ಕಕ್ಷಿದಾರ ಸ್ಕ್ರೀನ್‌ಶಾಟ್ ತೆಗೆದು ವಕೀಲರ ವಾಟ್ಸಾಪ್‌ಗೆ ಕಳಿಸಿ, ಗುಮಾಸ್ತರು ಅದನ್ನು ಕಚೇರಿಯ ಪ್ರಿಂಟರ್‌ನಲ್ಲಿ ತೆಗೆದು, ಆಮೇಲೆ "ಮೂಲ ಸಾಧನದಿಂದ ತೆಗೆದ ಪ್ರತಿ" ಅಂತ ಸಹಿ ಹಾಕಿಸಿದರೆ ಪಾಟೀಸವಾಲಿನಲ್ಲಿ ಮೂರೇ ಪ್ರಶ್ನೆಗೆ ಸಾಕ್ಷಿ ಸಿಕ್ಕಿಬೀಳ್ತಾನೆ: ಯಾವ ಫೋನು, ಯಾವ ಪ್ರಿಂಟರು, ನಡುವೆ ಯಾರ ಕೈಯಲ್ಲಿತ್ತು?

ಮೊದಲ ಎರಡು ಗಂಟೆ ಕಡತವನ್ನು ಅವರ ಕೈಯಿಂದಲೇ ಕೆಡಿಸಿ. ಪ್ರತಿಯೊಬ್ಬರಿಗೂ ಒಂದು ಪೆನ್‌ಡ್ರೈವ್, ಅದರಲ್ಲಿ ಒಂದು ಫೋಟೋ, ಒಂದು ವರ್ಡ್ ಕಡತ, ಒಂದು ಇಮೇಲಿನ ಮೂಲ ಕಡತ, ಒಂದು ವಾಟ್ಸಾಪ್ ಎಕ್ಸ್‌ಪೋರ್ಟ್. ಮೊದಲು ನಾಲ್ಕರದ್ದೂ ಹ್ಯಾಶ್ (ಕಡತದ ಒಳಗಿನದ್ದರಿಂದ ಲೆಕ್ಕ ಹಾಕಿ ಬರುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬರೆದಿಡಲಿ. ಆಮೇಲೆ ಕಡತದ ಹೆಸರು ಬದಲಿಸಿ ನೋಡಲಿ: ಹ್ಯಾಶ್ ಬದಲಾಗಲ್ಲ. ಬೇರೆ ಡ್ರೈವ್‌ಗೆ ನಕಲು ಮಾಡಲಿ: ಆಗಲೂ ಇಲ್ಲ. ವರ್ಡ್ ಕಡತ ತೆರೆದು ಒಂದು ಸ್ಪೇಸ್ ಸೇರಿಸಿ ಸೇವ್ ಮಾಡಲಿ: ಪೂರ್ತಿ ಬೇರೆ. ಫೋಟೋವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿ ಇಳಿಸಿಕೊಳ್ಳಲಿ: ಬೇರೆ, ಯಾಕಂದ್ರೆ ಅದು ಚಿತ್ರವನ್ನು ಕುಗ್ಗಿಸುತ್ತೆ. ಅದೇ ಫೋಟೋ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಹಾಗೇ ಉಳಿಯುತ್ತೆ. ಇಮೇಲನ್ನು ಎರಡು ಸಲ ಪಿಡಿಎಫ್ ಮಾಡಲಿ: ಒಳಗೆ ತಯಾರಾದ ಸಮಯ ಸೇರುವುದರಿಂದ ಎರಡು ಪಿಡಿಎಫ್‌ಗೆ ಎರಡು ಹ್ಯಾಶ್.

ಒಂದು ಹಳ್ಳ ಇದೆ, ಬಹಳ ಜನ ಬೀಳ್ತಾರೆ. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ಗೆ ಯಾವ ವಿಧಾನ ಅಂತ ಹೇಳದಿದ್ದರೆ ಅದು ಎಸ್‌ಎಚ್‌ಎ-1 ಕೊಡುತ್ತೆ. ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಹೇಳದೇ ಇದ್ದರೂ ಎಸ್‌ಎಚ್‌ಎ-256 ಕೊಡುತ್ತೆ. ಸರ್ಟಿಫಿಕೇಟ್‌ನಲ್ಲಿ 256ಕ್ಕೆ ಟಿಕ್, ಕೆಳಗೆ ಬರೆದ ಸಂಖ್ಯೆ ಎಸ್‌ಎಚ್‌ಎ-1ರದ್ದು! ಅಕ್ಷರ ಎಣಿಸಿದರೆ ಗೊತ್ತಾಗುತ್ತೆ: ಎಂಡಿ-5ಕ್ಕೆ 32, ಎಸ್‌ಎಚ್‌ಎ-1ಕ್ಕೆ 40, ಎಸ್‌ಎಚ್‌ಎ-256ಕ್ಕೆ 64. ನಮೂನೆಯಲ್ಲಿ ಮೂರೂ ಇವೆ, ಆದರೆ 256 ಬಿಟ್ಟು ಬೇರೆ ಬಳಸಲು ಕಾರಣವೇ ಇಲ್ಲ. ಒಂದೇ ಹ್ಯಾಶ್ ಬರುವ ಎರಡು ಬೇರೆ ಕಡತ ತಯಾರಿಸಬಹುದು ಅಂತ ಎಂಡಿ-5ಕ್ಕೆ 2004ರಲ್ಲೇ, ಎಸ್‌ಎಚ್‌ಎ-1ಕ್ಕೆ 2017ರಲ್ಲಿ ತೋರಿಸಿಯಾಗಿದೆ.

ಧಾರವಾಡ_ಬಾರ್
ಅಲ್ರೀ ಮಾಸ್ತರ, ಕಾನೂನು ಆಮ್ಯಾಲೆ ಅಂದ್ರ ಹ್ಯಾಂಗ? ಹ್ಯಾಶ್ ಎಷ್ಟು ಚಂದ ತೆಗದ್ರೂ ತಾರೀಖು ತಪ್ಪಿದ್ರ ದಾಖಲೆ ಒಳಗ ಬರೂದಿಲ್ಲ. ಆದೇಶ 11ರ ಗಡುವು ಬಾಯಿಪಾಠ ಇರಬೇಕು. ವಾದಪತ್ರದ ಜೊತಿಗೇ ತನ್ನ ಸುಪರ್ದಿ, ಹತೋಟಿಯೊಳಗ ಇರೋ ಎಲ್ಲಾ ದಾಖಲೆ ಪಟ್ಟಿ ಮಾಡಿ ಕೊಡಬೇಕು. ತನಗ ವಿರುದ್ಧ ಹೋಗೂವೂ ಸೇರಿ, ಅದನ್ನ ಬಿಡೂದು ಬ್ಯಾಡ. ತುರ್ತು ದಾವಾ ಆಗಿದ್ರ ಹೆಚ್ಚಿನ ದಾಖಲೆಗೆ ಕೋರ್ಟಿನ ಅನುಮತಿ ತಗೊಂಡು 30 ದಿವಸ. ಲಿಖಿತ ಹೇಳಿಕೆ ಬಂದ ಮ್ಯಾಲೆ 30 ದಿವಸದೊಳಗ ಪರಿಶೀಲನೆ. ಕೋರ್ಟ್ ಇನ್ನೂ 30 ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಅದು ಮುಗದ 15 ದಿವಸಕ್ಕ ಒಪ್ಪಿಗೆ–ನಿರಾಕರಣೆಯ ಹೇಳಿಕೆ. ಬಚ್ಚಿಟ್ಟದ್ದನ್ನ ಆಮ್ಯಾಲೆ ತರಬೇಕಂದ್ರ ಸರಿಯಾದ ಕಾರಣ ತೋರಿಸಿ ಅನುಮತಿ ಬೇಡಬೇಕು. ದಾವಾ ಹಾಕೂ ಹೊತ್ತಿಗೆ ಕೈಯಾಗ ಇಲ್ಲದ ದಾಖಲೆಗೆ ಆ ಬಿಗಿ ಇಲ್ಲ ಅಂತ ಸುಧೀರ್ ಕುಮಾರ್ ತೀರ್ಪಿನಾಗ (2021) ಸುಪ್ರೀಂ ಕೋರ್ಟ್ ಹೇಳೇದ.

ಇನ್ನೊಂದು. ಈ ಹೊಸಾ ಆದೇಶ 11 ಬರೇ ಕಮರ್ಷಿಯಲ್ ದಾವಾಕ್ಕ, 3 ಲಕ್ಷ ಮತ್ತು ಮ್ಯಾಲಿನವಕ್ಕ. ಪಾಲು ದಾವಾದಾಗ ಹಳೇ ಆದೇಶ 11ರ ನಿಯಮ 12, 14 ಹಿಡಕೊಂಡೇ ಅರ್ಜಿ ಹಾಕಬೇಕು. ಕಲಂ 63ರ ಸರ್ಟಿಫಿಕೇಟ್ ಮಾತ್ರ ಎರಡಕ್ಕೂ ಬೇಕು.

ಹ್ಯಾಶ್‌ಮಾಸ್ತರ
ಗಡುವು ಬೇಕು, ಒಪ್ಪಿದೆ ಸರ್. ಆದರೆ ದಾವೆ ಹಾಕುವ ಮುಂಚಿನ ತಿಂಗಳುಗಳ ಗಡುವು ಯಾವ ನಿಯಮದಲ್ಲೂ ಬರೆದಿಲ್ಲ, ದಾಖಲೆ ಸಾಯುವುದು ಅಲ್ಲೇ. ತುರ್ತು ಪರಿಹಾರ ಕೇಳದ ಕಮರ್ಷಿಯಲ್ ದಾವೆಗೆ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ ಕಲಂ 12ಎ ಮಧ್ಯಸ್ಥಿಕೆ ಕಡ್ಡಾಯ: ಮೂರು ತಿಂಗಳು, ಇಬ್ಬರೂ ಒಪ್ಪಿದರೆ ಮತ್ತೆ ಎರಡು. ಅಷ್ಟರಲ್ಲಿ ಏನೇನು ಹೋಗುತ್ತೆ ನೋಡಿ. ಜಿಮೇಲ್ ಟ್ರ್ಯಾಶ್ 30 ದಿನಕ್ಕೆ ಖಾಲಿ. ಕೆಲಸ ಬಿಟ್ಟವನ ಗೂಗಲ್ ವರ್ಕ್‌ಸ್ಪೇಸ್ ಖಾತೆ ಅಳಿಸಿದರೆ ವಾಪಸ್ ತರಲು 20 ದಿನ, ಮೈಕ್ರೋಸಾಫ್ಟ್ 365ರಲ್ಲಿ 30 ದಿನ. ವಾಟ್ಸಾಪ್‌ನಲ್ಲಿ ಮಾಯವಾಗುವ ಸಂದೇಶ ಹಾಕಿದ್ದರೆ 24 ಗಂಟೆ, 7 ದಿನ ಅಥವಾ 90 ದಿನ. ಸರ್ವರ್ ಲಾಗ್‌ಗಳನ್ನು 180 ದಿನ ಇಡಬೇಕೆಂದು 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ ಹೇಳುತ್ತೆ. 181ನೇ ದಿನ ಕೇಳಿದರೆ ಯಾರನ್ನೂ ದೂರುವ ಹಾಗಿಲ್ಲ.

ಹಾಗಾಗಿ 12ಎ ಅರ್ಜಿಗಿಂತ ಮೊದಲು ಎರಡು ಪತ್ರ ಹೋಗಬೇಕು. ಒಂದು ನಮ್ಮ ಕಕ್ಷಿದಾರನಿಗೇ: ಯಾರ ಖಾತೆಯನ್ನೂ ಅಳಿಸಬೇಡಿ, ಫೋನ್ ಬದಲಿಸಬೇಡಿ, ಮಾಯವಾಗುವ ಸಂದೇಶ ಆಫ್ ಮಾಡಿ. ಇನ್ನೊಂದು ಎದುರಾಳಿಗೆ, ಖಾತೆ, ಅವಧಿ, ವ್ಯಕ್ತಿಗಳ ಹೆಸರು ಹಾಕಿ. "ಎಲ್ಲಾ ಎಲೆಕ್ಟ್ರಾನಿಕ್ ದಾಖಲೆ ಕಾಪಾಡಿ" ಅಂತ ಬರೆದ ನೋಟಿಸ್ ತೂಕಕ್ಕೆ ಬರಲ್ಲ. ಅಮೆರಿಕದ ಹಾಗೆ ಬರೆದಿಟ್ಟ ಸಂರಕ್ಷಣಾ ನಿಯಮ ನಮ್ಮಲ್ಲಿಲ್ಲ. ದಾಖಲೆ ನಾಶವಾದರೆ ಕೈಹಿಡಿಯುವುದು ಸಾಕ್ಷ್ಯ ಅಧಿನಿಯಮ ಕಲಂ 119ರ ಪ್ರತಿಕೂಲ ಊಹೆ (ಕೊಡದ ದಾಖಲೆ ಕೊಡದವನಿಗೇ ವಿರುದ್ಧವಾಗಿತ್ತು ಅಂತ ಕೋರ್ಟ್ ಊಹಿಸುವುದು), ಹಳೇ ಸಾಕ್ಷ್ಯ ಕಾಯ್ದೆಯ 114(ಜಿ). ಆ ಊಹೆಗೆ ಬುನಾದಿಯೇ ಈ ನೋಟಿಸ್. ಗಡುವುಗಳನ್ನು ಇದರ ಜೊತೆ ಒಂದೇ ಕ್ಯಾಲೆಂಡರ್‌ನಲ್ಲಿ ಬರೆಸಿ, ಪಾಠವಾಗಿ ಬೇಡ.

ಜರ್ಸಿ_ಕನ್ನಡಿಗ
ಇಲ್ಲಿ ಅಮೆರಿಕದ ಒಂದು ದಾಖಲೆ ನಿಮ್ಮ ಪಠ್ಯಕ್ಕೆ ನೇರವಾಗಿ ಒದಗುತ್ತೆ. ಕ್ಯಾಲಿಫೋರ್ನಿಯಾ ಸ್ಟೇಟ್ ಬಾರ್‌ನ 2015-193ನೇ ಅಭಿಪ್ರಾಯ. ಇ-ಡಿಸ್ಕವರಿ (ಎಲೆಕ್ಟ್ರಾನಿಕ್ ದಾಖಲೆ ಹುಡುಕಿ ಎದುರಾಳಿಗೆ ಕೊಡುವ ಪ್ರಕ್ರಿಯೆ) ಇರುವ ದಾವೆಯ ವಕೀಲನಿಗೆ, ಸ್ವಂತವಾಗಿಯೋ ಪರಿಣತರ ಜೊತೆಗೂಡಿಯೋ, ಬರಬೇಕಾದ ಒಂಬತ್ತು ಕೆಲಸ ಅದರಲ್ಲಿವೆ: ಅಗತ್ಯ ಎಷ್ಟೆಂದು ಮೊದಲೇ ಅಂದಾಜು ಮಾಡುವುದು, ಸಂರಕ್ಷಣೆ, ಕಕ್ಷಿದಾರನ ಕಂಪ್ಯೂಟರ್ ವ್ಯವಸ್ಥೆ ಅರ್ಥಮಾಡಿಕೊಳ್ಳುವುದು, ಸಂಗ್ರಹದ ದಾರಿಗಳ ಬಗ್ಗೆ ಸಲಹೆ, ಯಾರ ಬಳಿ ಏನಿದೆ ಎಂದು ಗುರುತಿಸುವುದು, ಎದುರು ವಕೀಲರ ಜೊತೆ ಕೂತು ಯೋಜನೆ ಮಾಡುವುದು, ಹುಡುಕಾಟ, ಕೆಡದಂತೆ ಸಂಗ್ರಹ, ಸರಿಯಾದ ರೂಪದಲ್ಲಿ ಹಾಜರುಪಡಿಸುವುದು. ಬರದಿದ್ದರೆ ಮೂರು ದಾರಿ: ಕಲಿ, ಬಲ್ಲವರನ್ನು ಸೇರಿಸಿಕೋ, ಇಲ್ಲವೇ ಕೇಸು ಬಿಡು.

ಒಂಬತ್ತರಲ್ಲಿ ಕೊನೆಯದು ಮಾತ್ರ ಹಾಜರುಪಡಿಸುವುದು. ಕಡತ_ಕಪಾಟು ಅವರ ಕರಡು ಬಹುತೇಕ ಅದರ ಮೇಲೇ ನಿಂತಿದೆ.

ಕಡತ_ಕಪಾಟು
ಸರಿ, ತಿರುಗಿಸ್ತೇನೆ. ಈಗ ಸರ್ಟಿಫಿಕೇಟ್ ಬಗ್ಗೆ ಹೇಳಿ. ಭಾಗ ಎ, ಭಾಗ ಬಿ ಎರಡರಲ್ಲೂ ಜ್ಯೂನಿಯರ್‌ಗಳಿಗೆ ಗೊಂದಲ ಇರುತ್ತೆ. 2022ರಲ್ಲಿ ಹಾಕಿದ ದಾವೆಗೆ ಯಾವ ನಮೂನೆ?

ಮುದ್ರೆ_ಮತ್ತು_ಸಹಿ
2022ರ ದಾವೆಗೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ(4). ಹೊಸ ಅಧಿನಿಯಮ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೂ ಮೊದಲು ಬಾಕಿ ಇದ್ದ ನಡಾವಳಿ ಹಳೇ ಕಾಯ್ದೆಯಲ್ಲೇ ಮುಂದುವರಿಯುತ್ತೆ ಅಂತ ಕಲಂ 170 ಹೇಳುತ್ತೆ. ಭಾಗ ಬಿ ಇಲ್ಲ ಅಂತ ಎದುರಿನವರು ಆಕ್ಷೇಪಣೆ ಎತ್ತಿದರೆ ಇದೇ ಉತ್ತರ.

ಹೊಸ ನಮೂನೆಯಲ್ಲಿ ಭಾಗ ಎ ಕಕ್ಷಿದಾರನ ಕಡೆಯಿಂದ, ಭಾಗ ಬಿ ತಜ್ಞರಿಂದ. ಸಾಧನದ ಬಗೆ, ತಯಾರಕ, ಮಾಡೆಲ್, ಬಣ್ಣ, ಸೀರಿಯಲ್ ನಂಬರ್, ಫೋನಾದರೆ ಐಎಂಇಐ, ಕ್ಲೌಡ್ ಆದರೆ ಕ್ಲೌಡ್ ಐಡಿ. ಹ್ಯಾಶ್ ವರದಿ ಲಗತ್ತಿಸಬೇಕು. ಸಮಯ 24 ಗಂಟೆಯ ಲೆಕ್ಕದಲ್ಲಿ. ಸಂಜೆ 4.30 ಅಂತ ಬರೆಯಬೇಡಿ, 16.30. ದಾಖಲೆ ಅಂಗೀಕಾರಕ್ಕೆ ಕೊಡುವ ಪ್ರತಿ ಸಲವೂ ಸರ್ಟಿಫಿಕೇಟ್ ಬೇಕು. ಮಧ್ಯಂತರ ಅರ್ಜಿಗೆ ಒಮ್ಮೆ ಕೊಟ್ಟಿದ್ದೇವೆ ಅಂತ ಸಾಕ್ಷ್ಯದ ಹಂತದಲ್ಲಿ ಸುಮ್ಮನಿರುವಂತಿಲ್ಲ.

ಭಾಗ ಬಿಯ ತಜ್ಞ ಯಾರು ಅನ್ನುವುದಕ್ಕೆ ಎರಡು ವಾದ ಇದೆ. ಐಟಿ ಕಾಯ್ದೆ 79ಎ ಅಡಿಯಲ್ಲಿ ಅಧಿಸೂಚಿತರಾದ ಎಲೆಕ್ಟ್ರಾನಿಕ್ ಸಾಕ್ಷ್ಯ ಪರೀಕ್ಷಕರೇ ಆಗಬೇಕು ಅನ್ನುವವರು ತಜ್ಞರ ಅಭಿಪ್ರಾಯದ ಕಲಂ 39(2) ತೋರಿಸ್ತಾರೆ. ಕಲಂ 63(4)ರಲ್ಲಿ ಬರೀ 'ತಜ್ಞ' ಅಂತಿದೆ, 39(1)ರಲ್ಲಿ 'ಬೇರೆ ಯಾವುದೇ ಕ್ಷೇತ್ರ' ಸೇರಿದೆ, ಹಾಗಾಗಿ ಅರ್ಹ ಖಾಸಗಿಯವರೂ ಆಗಬಹುದು ಅನ್ನುವುದು ಇನ್ನೊಂದು. ಎರಡನೆಯದೇ ನನಗೆ ಸರಿ ಕಾಣುತ್ತೆ: ಶಾಸನ ಬೇಕೆಂದಿದ್ದರೆ 79ಎ ಅಂತಲೇ ಬರೆಯುತ್ತಿತ್ತು. ಆದರೂ ತಜ್ಞರ ಅರ್ಹತೆಯ ವಿವರ ಅರ್ಧ ಪುಟ ಲಗತ್ತಿಸಿಡಿ, ನಾಳೆ ಅವರು ಕಟಕಟೆ ಹತ್ತಬೇಕಾಗಬಹುದು.

ಕಮರ್ಷಿಯಲ್ ದಾವೆಯಲ್ಲಿ ಇದರ ಜೊತೆ ಆದೇಶ 11 ನಿಯಮ 6(3)ರ ಘೋಷಣೆ ಬೇರೆ ಇದೆ. ಒಂದು ಕೊಟ್ಟರೆ ಇನ್ನೊಂದು ಬೇಡ ಅಂದುಕೊಳ್ಳಬಾರದು. ಇಮೇಲ್ ಐಡಿಯ ಒಡೆತನ, ಸುಪರ್ದಿ, ಯಾರಿಗೆ ಪ್ರವೇಶವಿತ್ತು ಅನ್ನುವುದನ್ನು ಅದರಲ್ಲೇ ಬರೆಯಬೇಕು. ಅಕೌಂಟ್ಸ್ ಇಲಾಖೆಯ ಒಂದೇ ಐಡಿಯನ್ನು ನಾಲ್ಕು ಜನ ಬಳಸುತ್ತಿದ್ದರೆ ನಾಲ್ಕೂ ಹೆಸರು ಬರಬೇಕು. ಮುಚ್ಚಿಟ್ಟರೆ ಪಾಟೀಸವಾಲಿನಲ್ಲಿ ಹೊರಬರುತ್ತೆ.

ಕಿರಿಯ_24
ಒಂದು ಸಂದೇಹ ಸರ್. ಕಕ್ಷಿದಾರರಿಗೆ ಇದೆಲ್ಲ ಬರಲ್ಲ. ಅವರ ಫೋನಿನಿಂದ ನಾವೇ ಎಕ್ಸ್‌ಪೋರ್ಟ್ ತೆಗೆದರೆ ತಪ್ಪೇನು?

ಮುದ್ರೆ_ಮತ್ತು_ಸಹಿ
ದೊಡ್ಡ ತಪ್ಪೇ. ತೆಗೆದವರು ನೀವಾದರೆ ಹೇಗೆ ತೆಗೆದಿರಿ ಅನ್ನುವುದಕ್ಕೆ ಸಾಕ್ಷಿಯೂ ನೀವೇ. ತಾನೇ ಸಾಕ್ಷಿಯಾಗುವ ಸಂಭವವಿರುವ ಕೇಸಿನ ವಕಾಲತ್ತು ಹಿಡಿಯಬಾರದು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಡತೆ ನಿಯಮದಲ್ಲಿದೆ. ಪಕ್ಕದಲ್ಲಿ ಕೂತು ಹೇಳಿಕೊಡಿ, ಬೆರಳು ಅವರದ್ದಿರಲಿ. ಇಡೀ ಹಾರ್ಡ್‌ಡಿಸ್ಕ್ ಇಮೇಜ್ ಬೇಕಾದರೆ ರೈಟ್‌ಬ್ಲಾಕರ್ (ಮೂಲ ಡಿಸ್ಕ್‌ಗೆ ಏನೂ ಬರೆಯದಂತೆ ತಡೆಯುವ ಸಾಧನ) ಇರುವ ತಜ್ಞರಿಗೆ ಬಿಡಿ. ಎದುರಾಳಿಯ ಯಂತ್ರವಾದರೆ ಆದೇಶ 26 ನಿಯಮ 10ಎ ಅಡಿ ಕಮಿಷನರ್ ಕೇಳಬಹುದು.

ಸುಪರ್ದಿಯ ದಾಖಲಾತಿ ಪುಸ್ತಕ ಮಾತ್ರ ನೀವು ಇಡಿ: ದಿನಾಂಕ–ಸಮಯ, ಕೊಟ್ಟವರು, ಪಡೆದವರು, ಸಾಧನದ ಗುರುತು, ಏನನ್ನು ನಕಲಿಸಿದ್ದು, ಯಾವ ತಂತ್ರಾಂಶ ಯಾವ ಆವೃತ್ತಿ, ಹ್ಯಾಶ್, ಈಗ ಎಲ್ಲಿದೆ. ಎಂಟು ಕಾಲಂ, ಕಾಗದದ ಪುಸ್ತಕ ಸಾಕು. ಎರಡು ಪ್ರತಿ ಮಾಡಿಸಿ. ಒಂದು ಸೀಲ್, ಇನ್ನೊಂದರ ಮೇಲೆ ಕೆಲಸ.

ಹ್ಯಾಶ್‌ಮಾಸ್ತರ
ವಾಟ್ಸಾಪ್ ಎಕ್ಸ್‌ಪೋರ್ಟ್‌ನ ಗುಣದೋಷಕ್ಕೆ ಅರ್ಧ ಗಂಟೆ ಇಡಿ. ಪಠ್ಯ ಕಡತದಲ್ಲಿ ನಂಬರ್ ಬರಲ್ಲ, ಆ ಫೋನಿನಲ್ಲಿ ಸೇವ್ ಮಾಡಿದ ಹೆಸರು ಬರುತ್ತೆ. "ಸಿಮೆಂಟ್ ರಾಜಣ್ಣ" ಅಂತ ಬಂದರೆ ಅದು ಪ್ರತಿವಾದಿ ಅಂತ ಯಾರು ಹೇಳಬೇಕು? ಕಾಂಟ್ಯಾಕ್ಟ್ ಪುಟವನ್ನೂ ದಾಖಲಿಸಿ. ದಿನಾಂಕದ ಕ್ರಮ ಫೋನಿನ ಸೆಟ್ಟಿಂಗ್ ನೋಡಿ ಬರುತ್ತೆ, 04/05 ಅಂದರೆ ಮೇ 4 ಅಥವಾ ಏಪ್ರಿಲ್ 5. ಕಳಿಸಿದ 15 ನಿಮಿಷದೊಳಗೆ ತಿದ್ದಿದ ಸಂದೇಶದ ಮೊದಲ ಪಾಠ ಎಕ್ಸ್‌ಪೋರ್ಟ್‌ನಲ್ಲಿ ಇರಲ್ಲ. ತುಂಬ ಉದ್ದದ ಗುಂಪಾದರೆ ಹಳೆಯ ತುದಿ ಕತ್ತರಿಸಿಹೋಗಬಹುದು, ಮೊದಲ ಸಂದೇಶದ ದಿನಾಂಕವನ್ನು ಫೋನಿನ ಜೊತೆ ತಾಳೆ ನೋಡಿ.

ಇಮೇಲಿಗೆ ಫಾರ್ವರ್ಡ್ ಬೇಡವೇ ಬೇಡ, ಮೂಲ ಹೆಡರ್ ಹೋಗುತ್ತೆ. ಜಿಮೇಲ್‌ನ 'ಶೋ ಒರಿಜಿನಲ್'ನಿಂದ ಮೂಲ ಕಡತವನ್ನೇ ಇಳಿಸಿಕೊಳ್ಳಲಿ. ಹೆಡರ್‌ನಲ್ಲಿ ಸಮಯ ಓದುವುದು ಕಲಿಸಿ: ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಇಲ್ಲಿ ಬಂದ ಇಮೇಲ್ ಯುಟಿಸಿಯಲ್ಲಿ ಮಾರ್ಚ್ 31ರ 20.30, ಗೂಗಲ್‌ನ ಪೆಸಿಫಿಕ್ ಸಮಯದಲ್ಲಿ ಮಾರ್ಚ್ 31ರ 13.30. ಒಂದೇ ಇಮೇಲಿಗೆ ಎರಡು ಹಣಕಾಸು ವರ್ಷ. ಕಾಲಮಿತಿ ವಾದ ಇರುವ ಕೇಸಿನಲ್ಲಿ ಇದು ಚಿಲ್ಲರೆ ವಿಷಯ ಅಲ್ಲ.

ಚಿಕ್ಕಪೇಟೆ_ಲೆಕ್ಕ
ಲೆಕ್ಕದ ಕಡೆಯವನಾಗಿ ಒಂದು ಸೇರಿಸ್ತೀನಿ. ವ್ಯಾಪಾರದ ದಾವೆಯಲ್ಲಿ ಎಲ್ಲರೂ ಲೆಡ್ಜರ್ ಪ್ರಿಂಟ್ ಹಾಕ್ತಾರೆ. ಲೆಡ್ಜರ್ ಇವತ್ತು ಹೇಗಿದೆ ಅನ್ನುವುದು ಮಾತ್ರ ಅದರಲ್ಲಿ ಕಾಣುತ್ತೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಆಡಿಟ್ ಟ್ರೇಲ್ ಕಡ್ಡಾಯ: ಪ್ರತಿ ತಿದ್ದುಪಡಿಯ ದಿನಾಂಕ ಉಳಿಯಬೇಕು, ಅದನ್ನು ನಿಲ್ಲಿಸುವ ಹಾಗಿಲ್ಲ. ಟ್ಯಾಲಿಯಲ್ಲಿ ಅದೇ ಎಡಿಟ್ ಲಾಗ್. ನೋಟಿಸ್ ಮುಟ್ಟಿದ ಮಾರನೇ ದಿನ ವೋಚರ್ ಬದಲಾಗಿದ್ದರೆ ಅದರಲ್ಲಿ ಸಿಗುತ್ತೆ. ಆದೇಶ 11ರ ನಿಯಮ 6(6)ರಲ್ಲಿ ಮೆಟಾಡೇಟಾ (ಕಡತದ ಬಗೆಗಿನ ಒಳಮಾಹಿತಿ), ಲಾಗ್ ಕೇಳಲು ಅವಕಾಶ ಇದೆಯಲ್ಲ, ಕೇಳಿ. ಆದರೆ ಇದು ಕಂಪನಿಗಳಿಗೆ ಮಾತ್ರ, ಪಾಲುದಾರಿಕೆ ಸಂಸ್ಥೆಗೆ ಈ ನಿಯಮ ಇಲ್ಲ.

ನುಡಿ_ತಜ್ಞೆ
ಹುಡುಕಾಟಕ್ಕೆ ಒಂದು ಮಧ್ಯಾಹ್ನದ ಒಂದು ಭಾಗ ಮಾತ್ರ ಇಟ್ಟಿದ್ದೀರಿ, ಸಾಲದು. ಇಂಗ್ಲಿಷ್ ಇಮೇಲಿಗೆ ಮಾಡಿದ ಪಾಠ ಕನ್ನಡ ಕಡತಕ್ಕೆ ನಡೆಯಲ್ಲ.

ಮೊದಲನೆಯದು ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕರಾರು, ಪತ್ರಗಳು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ 'ಕರಾರು' ಅಂತ ಹುಡುಕಿದರೆ ಫಲಿತಾಂಶ ಸೊನ್ನೆ, ದಾಖಲೆ ಇಲ್ಲ ಅಂತ ಪ್ರಮಾಣ ಮಾಡಿಬಿಡ್ತಾರೆ! ಪರಿವರ್ತಿಸಿದ ಪ್ರತಿಯನ್ನು ಹುಡುಕಾಟಕ್ಕೆ ಮಾತ್ರ ಬಳಸಿ, ಹಾಜರುಪಡಿಸುವುದು ಮೂಲ ಕಡತ. ಸ್ಕ್ಯಾನ್ ಆದ ಪಿಡಿಎಫ್‌ಗೆ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಬೇಕು, ಅದೂ ಒತ್ತಕ್ಷರದಲ್ಲಿ ಎಡವುತ್ತೆ.

ಎರಡನೆಯದು ವಿಭಕ್ತಿ. ಕರಾರು, ಕರಾರಿನ, ಕರಾರನ್ನು, ಕರಾರಿಗೆ ಎಲ್ಲ ಬೇಕಾದರೆ 'ಕರಾರ' ಅಂತ ಬುಡ ಹಿಡಿದು ಹುಡುಕಬೇಕು. ಇದೇ ಉಪಾಯವನ್ನು 'ಸಾಲ'ಕ್ಕೆ ಮಾಡಿದರೆ "2023-24ನೇ ಸಾಲಿನ" ಅಂತಿರುವ ಪ್ರತಿ ಸರ್ಕಾರಿ ಪತ್ರವೂ ಬಂದು ಬೀಳುತ್ತೆ, 'ಸಾಲದು', 'ಸಾಲಾಗಿ' ಕೂಡ. ಆಗ 'ಸಾಲದ' (ಪೂರ್ತಿ ಪದವಾಗಿ, ಇಲ್ಲವಾದರೆ 'ಸಾಲದು' ಮತ್ತೆ ಬರುತ್ತೆ), 'ಸಾಲವ', 'ಸಾಲಕ್ಕೆ' ಅಂತ ಬಿಡಿಸಿ ಹುಡುಕಬೇಕು. ಅರ್ಧಾಕ್ಷರದ ಮಧ್ಯೆ ಕಾಣದ ಜೋಡಿಸದ ಚಿಹ್ನೆ ಸೇರಿದ್ದರೆ ರಾಜ್‌ಕುಮಾರ್ ಮತ್ತು ರಾಜ್ಕುಮಾರ್ ಬೇರೆ ಪದ. ಅಂಕಿಯೂ ಅಷ್ಟೇ: ಕನ್ನಡ ಅಂಕಿ, ಇಂಗ್ಲಿಷ್ ಅಂಕಿ ಎರಡರಲ್ಲೂ ಹುಡುಕಿ.

ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಹೊಲಬು ಅನ್ನುವುದೇ ಇಲ್ಲ. 'ದುಡ್ಡು' ಒಂದಕ್ಕೇ ನಾಲ್ಕೈದು ಸ್ಪೆಲಿಂಗ್, 'ಗೌಡ'ಗೆ ಕನಿಷ್ಠ ಮೂರು. ಪದಪಟ್ಟಿ ಮಾಡುವ ಮುಂಚೆ ಆ ವ್ಯಕ್ತಿಯ ಐವತ್ತು ಸಂದೇಶ ಓದಿ ಅವನು ಹೇಗೆ ಬರೆಯುತ್ತಾನೆ ಅಂತ ನೋಡಿಕೊಳ್ಳುವುದು ಒಂದೇ ದಾರಿ. ವಾಯ್ಸ್ ನೋಟ್ ಅಂತೂ ಯಾವ ಪದಹುಡುಕಾಟಕ್ಕೂ ಸಿಗಲ್ಲ, ಕೇಳಬೇಕು.

ಜರ್ಸಿ_ಕನ್ನಡಿಗ
ಪದಪಟ್ಟಿ ಸಾಕಷ್ಟಿದೆಯೇ ಅಂತ ಪರೀಕ್ಷಿಸುವುದನ್ನೂ ಕಲಿಸಿ, ಮೇಡಂ ಹೇಳಿದ್ದಕ್ಕೆ ಇದೇ ಬೆನ್ನೆಲುಬು. ಹುಡುಕಾಟಕ್ಕೆ ಸಿಗದೆ ಉಳಿದ ರಾಶಿಯಿಂದ 300 ದಾಖಲೆ ಯಾದೃಚ್ಛಿಕವಾಗಿ ತೆಗೆದು ಓದಿಸಿ. ಒಂದೂ ಸಂಬಂಧಪಟ್ಟದ್ದು ಸಿಗದಿದ್ದರೆ, ಉಳಿಕೆಯಲ್ಲಿ ಅಂಥವು ಶೇ 1ಕ್ಕಿಂತ ಹೆಚ್ಚಿಲ್ಲ ಅಂತ ಶೇ 95ರ ಭರವಸೆಯಿಂದ ಹೇಳಬಹುದು. ರಾಶಿ 10,000 ಇದ್ದರೆ ಶೇ 1 ಅಂದರೂ 100, ಅದನ್ನೂ ನೆನಪಿಸಿ. ಐದಾರು ಸಿಕ್ಕರೆ ಅವುಗಳ ಪದಗಳನ್ನು ಪಟ್ಟಿಗೆ ಸೇರಿಸಿ ಮತ್ತೆ ಹುಡುಕಾಟ.

ಪ್ರಿವಿಲೇಜ್‌ನಲ್ಲಿ ಎಚ್ಚರ. ಇಲ್ಲಿ ಫೆಡರಲ್ ನಿಯಮ 502(ಡಿ) ಆದೇಶ ಇದ್ದರೆ ಕೈತಪ್ಪಿ ಹೋದ ವಕೀಲ–ಕಕ್ಷಿದಾರ ಪತ್ರ ವಾಪಸ್ ಕೇಳಬಹುದು. ಬೆಂಗಳೂರಿನಲ್ಲಿ ಅಮೆರಿಕದ ಕೇಸುಗಳ ದಾಖಲೆ ಓದುವ ಕೆಲಸ ಮಾಡಿ ಬಂದವರು ಆ ಅಭ್ಯಾಸದಲ್ಲಿರ್ತಾರೆ. ಭಾರತದಲ್ಲಿ ಅಂಥ ಶಾಸನಬದ್ಧ ನಿಯಮ ಇಲ್ಲ.

ಮುದ್ರೆ_ಮತ್ತು_ಸಹಿ
ಹೌದು. ಸಾಕ್ಷ್ಯ ಅಧಿನಿಯಮದಲ್ಲಿ ಈ ಗೋಪ್ಯತೆಯ ಕಲಂ 132, 134 ಎರಡೂ ಓದಿಸಿ. ಕಂಪನಿಯ ಒಳಗಿನ ಸಂಬಳದ ಕಾನೂನು ಅಧಿಕಾರಿಗೆ 132ರ ರಕ್ಷಣೆ ಇಲ್ಲ, 134ರ ಸೀಮಿತ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ಹಾಗಾಗಿ 'ಲೀಗಲ್' ಅನ್ನುವ ಪದ ಕಂಡದ್ದೆಲ್ಲವನ್ನೂ ಒಂದೇ ರಾಶಿಗೆ ಹಾಕಬಾರದು; ಹೊರಗಿನ ವಕೀಲರು, ಒಳಗಿನವರು ಅಂತ ಎರಡು ಗುರುತು ಬೇಕು.

ಕಡತ_ಕಪಾಟು
ತಿದ್ದಿದ ಯೋಜನೆ: ಮೊದಲ ದಿನ ಬೆಳಿಗ್ಗೆ ಕಡತ ಕೆಡಿಸುವ ಅಭ್ಯಾಸ, ಆಮೇಲೆ ಕ್ಯಾಲೆಂಡರ್ ಮತ್ತು ಎರಡು ನೋಟಿಸ್ ಬರೆಯುವುದು, ಮಧ್ಯಾಹ್ನ ವಾಟ್ಸಾಪ್, ಇಮೇಲ್, ಟ್ಯಾಲಿ. ಎರಡನೇ ದಿನ ಅರ್ಧ ಪೂರ್ತಿ ಹುಡುಕಾಟ ಮತ್ತು 300ರ ಮಾದರಿ. ನಂತರ ಪ್ರಿವಿಲೇಜ್ ಮುಕ್ಕಾಲು ಗಂಟೆ, ಸರ್ಟಿಫಿಕೇಟ್ ಒಂದು ಗಂಟೆ. ಕೊನೆಗೆ ಒಬ್ಬರು ಬರೆದ ಸರ್ಟಿಫಿಕೇಟ್ ಮೇಲೆ ಇನ್ನೊಬ್ಬರಿಂದ ಪಾಟೀಸವಾಲು. ತೀರ್ಪುಗಳನ್ನು ಮನೆಯಲ್ಲಿ ಓದಿಕೊಂಡು ಬರಲಿ. ಅಭ್ಯಾಸಕ್ಕೆ ಡೇಟಾ ಎಲ್ಲಿಂದ ತರೋದು? ಕಕ್ಷಿದಾರರದ್ದು ಬಳಸುವ ಹಾಗಿಲ್ಲ.

ಜರ್ಸಿ_ಕನ್ನಡಿಗ
ಎನ್ರಾನ್ ಕಂಪನಿಯ ಇಮೇಲ್ ಸಂಗ್ರಹ ಉಚಿತವಾಗಿ ಸಿಗುತ್ತೆ, ಸುಮಾರು 150 ಉದ್ಯೋಗಿಗಳ ಐದು ಲಕ್ಷದಷ್ಟು ಸಂದೇಶ. ಮಾದರಿ ತೆಗೆಯುವ ಅಭ್ಯಾಸಕ್ಕೆ ಸಾಕು. ಆದರೆ ಎಲ್ಲ ಇಂಗ್ಲಿಷ್.

ನುಡಿ_ತಜ್ಞೆ
ಕನ್ನಡದ್ದನ್ನು ನೀವೇ ಕಟ್ಟಿ. 20 ಜನರನ್ನು ವಾದಿ ಕಡೆ, ಪ್ರತಿವಾದಿ ಕಡೆ ಅಂತ ಹಂಚಿ ಒಂದು ವಾರ ಮೊದಲೇ ವಾಟ್ಸಾಪ್ ಗುಂಪು ಮಾಡಿ, ಒಂದು ಕಲ್ಪಿತ ಸಿಮೆಂಟ್ ಸರಬರಾಜಿನ ವಿವಾದ ಕೊಡಿ. ತಲಾ 30 ಸಂದೇಶ ಬರೆದರೆ 600 ಆಯ್ತು. ಅರ್ಧ ಜನ ಕನ್ನಡ ಲಿಪಿ, ಅರ್ಧ ಜನ ಇಂಗ್ಲಿಷ್ ಲಿಪಿ. ನುಡಿ ಫಾಂಟಿನ ಐದು ಪತ್ರ, ಸ್ಕ್ಯಾನ್ ಮಾಡಿದ ಎರಡು ಬಿಲ್ ಸೇರಿಸಿ.

ಧಾರವಾಡ_ಬಾರ್
ವಾಯ್ಸ್ ನೋಟ್ ಹತ್ತರ ಇರ್ಲಿ ಮೇಡಂ, ಅದ್ರಾಗ ಮೂರು ನಮ್ಮ ಕಡೀ ಮಾತಿನಾಗ. ಅದನ್ನ ಕೇಳಿ ಬೆಂಗಳೂರು ಹುಡುಗರು ಬರದದ್ದನ್ನ ನಾವು ತಿದ್ದತೇವಿ.